ಹತ್ತು ಗುಳಿಗೆಗಳ ಲೆಕ್ಕ: ಸಕಲೇಶಪುರದ ತೋಟದ ರೈಟರ್ ಒಬ್ಬರ ಫ್ಲೂ ಪ್ರಕರಣ

ಫ್ಲೂಗೆ ಕೊಡುವ ಔಷಧ ಓಸೆಲ್ಟಾಮಿವಿರ್‌ನ ಒಂದು ಪಟ್ಟಿಯಲ್ಲಿ ಹತ್ತು ಗುಳಿಗೆಗಳಿರುತ್ತವೆ. ಫ್ಲೂ ಬಂದ ವಯಸ್ಕರು ಬೆಳಿಗ್ಗೆ ಒಂದು, ರಾತ್ರಿ ಒಂದರಂತೆ ಐದು ದಿನ ನುಂಗಿದರೆ ಪಟ್ಟಿ ಮುಗಿಯುತ್ತದೆ. ಮನೆಯಲ್ಲಿ ಬೇರೆಯವರಿಗೆ ಫ್ಲೂ ಬಂದಿದ್ದು ತಮಗಿನ್ನೂ ತಗುಲದವರು ದಿನಕ್ಕೊಂದರಂತೆ ಹತ್ತು ದಿನ ನುಂಗಿದರೂ ಅದೇ ಪಟ್ಟಿ ಮುಗಿಯುತ್ತದೆ. ಅದೇ 75 ಮಿಲಿಗ್ರಾಂ ಗುಳಿಗೆ, ಅದೇ ಬೆಲೆ. ಮೊದಲನೆಯದು ಚಿಕಿತ್ಸೆ, ಎರಡನೆಯದು ಮುಂಜಾಗ್ರತೆ. ನುಂಗುವವರ ಮೈಯಲ್ಲಿ ವೈರಾಣು ಆಗಲೇ ಬೆಳೆಯತೊಡಗಿದೆಯೇ ಇಲ್ಲವೇ ಎಂಬುದೊಂದೇ ಇವೆರಡರ ನಡುವಿನ ಗೆರೆ. ಆ ಗೆರೆಯನ್ನು ನಾನು ಒಂದು ಫೋನ್ ಕರೆಯಲ್ಲಿ ತಪ್ಪಾಗಿ ಎಳೆದೆ. ಏನಾಯಿತು ಎಂಬುದನ್ನು ಬಿಡಿಸಿ ಬರೆಯುವುದು ನನ್ನ ಕರ್ತವ್ಯ ಎಂದುಕೊಂಡಿದ್ದೇನೆ. ರೋಗಿಯ ಒಪ್ಪಿಗೆ ಪಡೆದು, ಅವರ ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಾಯಿಸಿ ಬರೆಯುತ್ತಿದ್ದೇನೆ.

ರೋಗಿ ಮತ್ತು ಮನೆ

ಅವರು ಸಕಲೇಶಪುರ ತಾಲ್ಲೂಕಿನ ಒಂದು ಕಾಫಿ ತೋಟದ ರೈಟರ್. ನಲವತ್ತರ ನಡುವಿನ ವಯಸ್ಸು. ಬೆಳಿಗ್ಗೆ ಆಳುಗಳ ಚೆಕ್‌ರೋಲ್ ಬರೆಯುವುದು, ಸಂಜೆ ಆದ ಕೆಲಸದ ಲೆಕ್ಕ ಹಾಕುವುದು, ವಾರದ ಬಟವಾಡೆ ಮಾಡುವುದು ಅವರ ಕೆಲಸ. ಮೂರು ವರ್ಷದ ಹಿಂದೆ ತಾಯಿಯ ಮೂತ್ರಪಿಂಡವನ್ನು ಅವರಿಗೆ ಕಸಿ ಮಾಡಲಾಗಿತ್ತು. ಮೊದಲ ಭೇಟಿಯಲ್ಲೇ ಅವರು ಹೇಳಿದ ಮಾತು ನನಗೆ ನೆನಪಿದೆ: "ತೋಟದಲ್ಲಿ ಮರಗಸಿ ಎಂದರೆ ಕೊಂಬೆ ಕಡಿಯುವುದು. ನಿಮ್ಮಲ್ಲಿ ಕಸಿ ಎಂದರೆ ಜೋಡಿಸುವುದು." ಜೋಡಿಸಿದ ಅಂಗವನ್ನು ದೇಹ ತಳ್ಳಿಹಾಕಬಾರದೆಂದು ಟ್ಯಾಕ್ರೊಲಿಮಸ್, ಮೈಕೊಫಿನೊಲೇಟ್, ಪ್ರೆಡ್ನಿಸೊಲೋನ್ ಮೂರನ್ನೂ ತಪ್ಪದೆ ತೆಗೆದುಕೊಳ್ಳುತ್ತಿದ್ದರು. ಮೂತ್ರಪಿಂಡ ಚೆನ್ನಾಗಿ ಕೆಲಸ ಮಾಡುತ್ತಿತ್ತು, ಕ್ರಿಯಾಟಿನಿನ್ 1.1. ಆ ವರ್ಷದ ಫ್ಲೂ ಲಸಿಕೆ ಮಾತ್ರ ಹಾಕಿಸಿಕೊಂಡಿರಲಿಲ್ಲ. ನಾನು ಹೇಳಿದ್ದೆ, ಮಳೆ ಹಿಡಿಯುವ ಮುನ್ನ ಬರುತ್ತೇನೆ ಎಂದಿದ್ದರು, ಬರಲಾಗಲಿಲ್ಲ.

ಆಶ್ಲೇಷ ಮಳೆ ಬಿಡದೆ ಹೊಯ್ಯುತ್ತಿದ್ದ ವಾರ. ಭಾನುವಾರ ಐದನೇ ತರಗತಿಯ ಮಗಳಿಗೆ ಜ್ವರ ಬಂತು. ಸೋಮವಾರ ತೋಟದ ಆಳುಗಳಿರುವ ಲೈನ್ ಮನೆಗಳಲ್ಲೂ ಮೂರ್ನಾಲ್ಕು ಜನ ಮಲಗಿದ್ದರು. 2023ರ ಮಾರ್ಚ್‌ನಲ್ಲಿ ಎಚ್3ಎನ್2 ಫ್ಲೂನಿಂದ ಹಾಸನ ಜಿಲ್ಲೆಯ ಹಿರಿಯರೊಬ್ಬರು ತೀರಿಕೊಂಡ ಸುದ್ದಿ ದೇಶದ ಪತ್ರಿಕೆಗಳಲ್ಲೆಲ್ಲ ಬಂದಾಗಿನಿಂದ ನಮ್ಮ ಕಡೆ ಫ್ಲೂ ಎಂದರೆ ಜನರ ಕಿವಿ ನಿಮಿರುತ್ತದೆ. ಕಸಿಯಾದವರಿರುವ ಮನೆಯಲ್ಲಂತೂ ಹೇಳಬೇಕಾಗಿಲ್ಲ. ಮಂಗಳವಾರ ಮಗಳನ್ನು ಹಾಸನಕ್ಕೆ ಕರೆತಂದರು. ಮೂಗಿನ ಮಾದರಿಯನ್ನು ಪಿಸಿಆರ್ ಪರೀಕ್ಷೆಗೆ ಕಳಿಸಿದೆ. ಬುಧವಾರ ಬೆಳಿಗ್ಗೆ ವರದಿ ಬಂತು: ಇನ್ಫ್ಲುಯೆಂಜಾ ಎ, ಎಚ್1ಎನ್1. 2009ರಲ್ಲಿ ಜಗತ್ತಿಗೆಲ್ಲ ಹಬ್ಬಿ, ಆಮೇಲೆ ಪ್ರತಿವರ್ಷದ ಫ್ಲೂ ಆಗಿ ನಮ್ಮ ನಡುವೆಯೇ ಉಳಿದಿರುವ ವಂಶ.

ಆ ಫೋನ್ ಕರೆ

ಬುಧವಾರ ಬೆಳಿಗ್ಗೆ ಹೊರರೋಗಿಗಳ ಸಾಲು ಬಾಗಿಲಾಚೆಗೂ ಬೆಳೆದಿತ್ತು. ನಾನು ಫೋನ್ ಮಾಡಿ ಮಗಳಿಗೆ ತೂಕಕ್ಕೆ ತಕ್ಕ ಪ್ರಮಾಣದಲ್ಲಿ ದಿನಕ್ಕೆರಡು ಬಾರಿ ಐದು ದಿನ ಔಷಧ ಹೇಳಿದೆ. ತಂದೆಗೆ ದಿನಕ್ಕೊಂದು, ಹತ್ತು ದಿನ, ಮುಂಜಾಗ್ರತೆಗೆ. "ನಿಮಗೇನೂ ಜ್ವರ ಇಲ್ಲ ತಾನೇ?" ಎಂದು ಕೇಳಿದೆ. "ಜ್ವರ ಇಲ್ಲ ಡಾಕ್ಟರೇ. ಗಂಟಲು ಸ್ವಲ್ಪ ಕೆರೆಯುತ್ತದೆ, ಮಳೆಯಲ್ಲಿ ನೆನೆದಿದ್ದೆ" ಎಂದರು. ಮಲೆನಾಡಿನ ಆಗಸ್ಟ್‌ನಲ್ಲಿ ಗಂಟಲು ಕೆರೆಯದವರು ಯಾರಿದ್ದಾರೆ ಎಂದುಕೊಂಡು ನಾನು ಮುಂದೆ ಹೋದೆ.

ಕಸಿಯಾದವರಲ್ಲಿ ಫ್ಲೂ ಜ್ವರದೊಂದಿಗೇ ಶುರುವಾಗಬೇಕೆಂದಿಲ್ಲ. ರೋಗನಿರೋಧಕ ಶಕ್ತಿಯನ್ನು ಅದುಮುವ ಔಷಧಗಳು ಜ್ವರವನ್ನೂ ಅದುಮುತ್ತವೆ. ಇದು ನನಗೆ ಗೊತ್ತಿತ್ತು. ವಿದ್ಯಾರ್ಥಿಗಳಿಗೆ ಪಾಠವನ್ನೂ ಮಾಡಿದ್ದೇನೆ. ಆದರೂ ಜ್ವರದ ಬಗ್ಗೆ ಕೇಳಿದೆ, ಗಂಟಲಿನ ಬಗ್ಗೆ ಅವರೇ ಹೇಳಿದ್ದನ್ನು ಕೇಳಿಸಿಕೊಳ್ಳಲಿಲ್ಲ.

ಬುಧವಾರ, ಗುರುವಾರ, ಶುಕ್ರವಾರ, ಶನಿವಾರ ನಾಲ್ಕು ದಿನ ನಾಲ್ಕು ಗುಳಿಗೆ ನುಂಗಿದರು. ಚಿಕಿತ್ಸೆಗೆ ಬೇಕಾದದ್ದರ ಅರ್ಧ.

ಆಸ್ಪತ್ರೆಯಲ್ಲಿ

ಭಾನುವಾರ ಬಂದಾಗ 101 ಡಿಗ್ರಿ ಜ್ವರ, ಒಣಕೆಮ್ಮು, ರಕ್ತದ ಆಮ್ಲಜನಕ 94. ಎದೆಯ ಎಕ್ಸ್‌ರೇಯಲ್ಲಿ ಎರಡೂ ಕಡೆ ಕೆಳಭಾಗದಲ್ಲಿ ತೆಳುವಾದ ಮಬ್ಬು. ಈ ಕಾಲದಲ್ಲಿ ಘಟ್ಟದಂಚಿನಿಂದ ಜ್ವರದಲ್ಲಿ ಬಂದವರಿಗೆ ಡೆಂಗಿ, ಇಲಿ ಜ್ವರ ಎರಡನ್ನೂ ನೋಡಲೇಬೇಕು, ನೋಡಿದೆವು, ಇರಲಿಲ್ಲ. ಮಂಗನ ಕಾಯಿಲೆಯ ಕಾಲ ಡಿಸೆಂಬರ್‌ನಿಂದ ಬೇಸಿಗೆಯವರೆಗೆ, ಹಾಗಾಗಿ ಅದನ್ನು ಬಿಟ್ಟೆವು. ಫ್ಲೂ ಪಿಸಿಆರ್ ಪಾಸಿಟಿವ್ ಬಂತು. ಯಂತ್ರ ವೈರಾಣುವನ್ನು 20ನೇ ಸುತ್ತಿಗೇ ಹಿಡಿದಿತ್ತು. ಸುತ್ತು ಕಡಿಮೆಯಾದಷ್ಟೂ ವೈರಾಣು ಹೆಚ್ಚು. 20 ಎಂದರೆ ಬಹಳ ಹೆಚ್ಚು. ನಾಲ್ಕು ದಿನ ಔಷಧ ಒಳಗಿದ್ದೂ ಇಷ್ಟಿದೆಯಲ್ಲ ಎಂದು ನಾನು ಅಲ್ಲೇ ನಿಂತು ಯೋಚಿಸಬೇಕಿತ್ತು.

ದಿನಕ್ಕೆರಡು ಬಾರಿ ಪೂರ್ಣ ಪ್ರಮಾಣ ಶುರುಮಾಡಿದೆವು. ಕಸಿಯಾದವರು ಎಂದ ಕೂಡಲೇ 30 ಮಿಲಿಗ್ರಾಂಗೆ ಇಳಿಸಿ ಬರೆಯುವ ಅಭ್ಯಾಸವನ್ನು ಹಲವು ಕಡೆ ಕಂಡಿದ್ದೇನೆ. ಮೂತ್ರಪಿಂಡದ ಶುದ್ಧೀಕರಣದ ವೇಗ ನಿಮಿಷಕ್ಕೆ 60 ಮಿಲಿಲೀಟರ್‌ಗಿಂತ ಹೆಚ್ಚಿದ್ದರೆ ಪ್ರಮಾಣ ಇಳಿಸಬೇಕಾಗಿಲ್ಲ. ಇವರದು 70ರ ಮೇಲಿತ್ತು. ಹಾಗಾಗಿ ಇಳಿಸಲಿಲ್ಲ.

ಮೂರು ದಿನದಲ್ಲಿ ಜ್ವರ ಇಳಿಯಿತು. ಬುಧವಾರದ ಮಾದರಿಯಲ್ಲಿ ವೈರಾಣು ಸಿಕ್ಕಿದ್ದು 27ನೇ ಸುತ್ತಿಗೆ. ಎಲ್ಲರೂ ಸಮಾಧಾನಪಟ್ಟುಕೊಂಡೆವು, ಅವರ ಹೆಂಡತಿ ಮನೆಗೆ ಕರೆದೊಯ್ಯುವ ದಿನ ಯಾವುದೆಂದು ಕೇಳತೊಡಗಿದರು. ಶುಕ್ರವಾರ ರಾತ್ರಿ ಜ್ವರ ಮರಳಿತು. ಶನಿವಾರ ಆಮ್ಲಜನಕ 91ಕ್ಕೆ ಇಳಿಯಿತು. ವೈರಾಣು 21ನೇ ಸುತ್ತಿಗೇ ಸಿಕ್ಕಿತು. ಔಷಧ ಇನ್ನೂ ನಡೆಯುತ್ತಿತ್ತು.

ಇಂಥ ಹೊತ್ತಿನಲ್ಲಿ ಮೊದಲು ನೆನಪಾಗುವುದು ಔಷಧ ಪ್ರತಿರೋಧವಲ್ಲ, ಆಗಲೂಬಾರದು. ಫ್ಲೂ ಬಂದ ಶ್ವಾಸಕೋಶದಲ್ಲಿ ಬ್ಯಾಕ್ಟೀರಿಯಾ ನ್ಯುಮೋನಿಯಾ ಹತ್ತಿಕೊಳ್ಳುವುದು ಸಾಮಾನ್ಯ. ಕಫ, ರಕ್ತ ಎರಡನ್ನೂ ಬೆಳೆಸಿ ನೋಡಿ, ಕಾಯದೆ ಆ್ಯಂಟಿಬಯಾಟಿಕ್ ಕೊಟ್ಟೆವು. ಏನೂ ಬೆಳೆಯಲಿಲ್ಲ. ಕಸಿಯಾದವರನ್ನು ಕಾಡುವ ಸೈಟೊಮೆಗಾಲೊ ವೈರಾಣುವನ್ನೂ ನ್ಯುಮೊಸಿಸ್ಟಿಸ್ ಶಿಲೀಂಧ್ರವನ್ನೂ ಹುಡುಕಿದೆವು; ಇರಲಿಲ್ಲ. ಗುಳಿಗೆ ಹೊಟ್ಟೆಯಲ್ಲಿ ನಿಲ್ಲುತ್ತಿದೆಯೇ, ವಾಂತಿಯಾಗುತ್ತಿದೆಯೇ ಎಂದು ದಾದಿಯರನ್ನು ಕೇಳಿದೆವು. ಖಾಲಿಯಾದ ಪಟ್ಟಿಗಳನ್ನು ಎಣಿಸಿದೆವು. ಎಲ್ಲ ಸರಿಯಿತ್ತು. ಆಗ ಉಳಿದದ್ದು ಒಂದೇ ಪ್ರಶ್ನೆ.

ಕಿಸೆಪುಸ್ತಕ

ಶನಿವಾರ ಮಧ್ಯಾಹ್ನ ಮತ್ತೊಮ್ಮೆ ಮೊದಲಿನಿಂದ ಕೇಳಲು ಅವರ ಹಾಸಿಗೆಯ ಪಕ್ಕ ಕುಳಿತೆ. ಮೂಗಿನಲ್ಲಿ ಆಮ್ಲಜನಕದ ನಳಿಕೆಯಿತ್ತು, ಮಾತಾಡಿದರೆ ದಣಿಯುತ್ತಿದ್ದರು. ಹೆಂಡತಿಗೆ ಸನ್ನೆ ಮಾಡಿ ಒಂದು ಸಣ್ಣ ಕಿಸೆಪುಸ್ತಕ ತೆಗೆಸಿದರು. ಆಳುಗಳ ಲೆಕ್ಕ ಬರೆಯುವ ಕೈ. ತನ್ನ ದೇಹದ ಲೆಕ್ಕವನ್ನೂ ಅದೇ ಶಿಸ್ತಿನಲ್ಲಿ ಬರೆದಿತ್ತು. ಕಸಿಯಾದ ದಿನದಿಂದ ದಿನದಿನದ ಗುಳಿಗೆ, ಬಿಪಿ, ಕುಡಿದ ನೀರು ಎಲ್ಲವೂ ಅದರಲ್ಲಿತ್ತು. ಆ ವಾರದ ಪುಟದಲ್ಲಿ ಹೀಗಿತ್ತು:

"ಸೋಮವಾರ ಸಂಜೆ: ಗಂಟಲು ಕೆರೆತ, ಮೈ ಭಾರ. ಮಂಗಳವಾರ: ಮಗಳ ಜೊತೆ ಹಾಸನ, ಕೆಮ್ಮು ಎರಡು ಮೂರು ಸಲ. ಬುಧವಾರ 10 ಗಂಟೆ: ಡಾಕ್ಟರ್ ಫೋನ್, ಗುಳಿಗೆ 1."

ಸೋಮವಾರ ಸಂಜೆಯಿಂದ ಬುಧವಾರ ಬೆಳಿಗ್ಗೆ ಹತ್ತು ಗಂಟೆಗೆ ಸುಮಾರು 40 ತಾಸು. ಫ್ಲೂ ವೈರಾಣು ಮೂಗು ಗಂಟಲಿನಲ್ಲಿ ಅತಿ ಹೆಚ್ಚು ಬೆಳೆಯುವುದು ರೋಗಲಕ್ಷಣ ಕಂಡ ಮೊದಲೆರಡು ದಿನಗಳಲ್ಲೇ. ಆ ಉಬ್ಬರದ ನಡುವೆ, ಅದನ್ನು ತಡೆಯುವ ಸೈನ್ಯವಿಲ್ಲದ ದೇಹದಲ್ಲಿ, ನಾನು ಅರ್ಧ ಪ್ರಮಾಣದ ಔಷಧವನ್ನು ಇಟ್ಟಿದ್ದೆ.

ಅರ್ಧ ಪ್ರಮಾಣ ಏಕೆ ಕೆಟ್ಟದ್ದು ಎಂಬುದನ್ನು ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳಬೇಕು. ಫ್ಲೂ ವೈರಾಣು ತನ್ನ ವಂಶವಾಹಿಯನ್ನು ನಕಲು ಮಾಡುವಾಗ ಅಕ್ಷರ ತಪ್ಪುತ್ತದೆ, ತಪ್ಪಿದ್ದನ್ನು ತಿದ್ದುವ ವ್ಯವಸ್ಥೆ ಅದಕ್ಕಿಲ್ಲ. ಕೋಟಿಗಟ್ಟಲೆ ನಕಲುಗಳಲ್ಲಿ ಯಾವುದೋ ಕೆಲವು, ಯಾವ ಉದ್ದೇಶವೂ ಇಲ್ಲದೆ, ಔಷಧ ಹಿಡಿಯಲಾಗದ ರೂಪದಲ್ಲಿರುತ್ತವೆ. ಪೂರ್ಣ ಪ್ರಮಾಣದ ಔಷಧ ಬೇಗ ಬಿದ್ದರೆ ಒಟ್ಟು ನಕಲುಗಳೇ ಕಡಿಮೆಯಾಗುತ್ತವೆ. ಮಿಕ್ಕದ್ದನ್ನು ದೇಹ ಮುಗಿಸುತ್ತದೆ. ಅರ್ಧ ಪ್ರಮಾಣವಾದರೆ ಔಷಧಕ್ಕೆ ಮಣಿಯುವ ವೈರಾಣುಗಳು ಕುಗ್ಗುತ್ತವೆ, ನಿಲ್ಲುವುದಿಲ್ಲ; ಮಣಿಯದವುಗಳಿಗೆ ಜಾಗ ತೆರವಾಗುತ್ತದೆ. ದೇಹದ ಸೈನ್ಯ ದುರ್ಬಲವಾಗಿದ್ದರೆ ಈ ಅದಲುಬದಲಿಗೆ ವಾರಗಟ್ಟಲೆ ಸಮಯವೂ ಸಿಗುತ್ತದೆ.

ಇದು ಊಹೆಯ ಮಾತಲ್ಲ. 2009ರ ಬೇಸಿಗೆಯಲ್ಲಿ ಅಮೆರಿಕದ ಉತ್ತರ ಕೆರೊಲಿನಾದ ಒಂದು ಮಕ್ಕಳ ಶಿಬಿರದಲ್ಲಿ ಮುಂಜಾಗ್ರತೆಗೆಂದು ಓಸೆಲ್ಟಾಮಿವಿರ್ ಕೊಡಲಾಗಿತ್ತು. ಒಂದೇ ಕೊಠಡಿಯಲ್ಲಿದ್ದ ಇಬ್ಬರು ಬಾಲಕಿಯರಿಗೆ ಔಷಧ ತೆಗೆದುಕೊಳ್ಳುತ್ತಿರುವಾಗಲೇ ಫ್ಲೂ ಬಂತು. ಇಬ್ಬರ ವೈರಾಣುವೂ ಪ್ರತಿರೋಧಿಯಾಗಿತ್ತು. ಅದೇ ವರ್ಷ ಸಿಯಾಟಲ್‌ನಲ್ಲಿ ರೋಗನಿರೋಧಕ ಶಕ್ತಿ ಕುಗ್ಗಿದ್ದ ಇಬ್ಬರು ರೋಗಿಗಳಲ್ಲಿ ಚಿಕಿತ್ಸೆಯ ನಡುವೆಯೇ ಪ್ರತಿರೋಧ ಕಾಣಿಸಿಕೊಂಡಿತು. ನನ್ನ ರೋಗಿಯಲ್ಲಿ ಈ ಎರಡೂ ದಾರಿಗಳು ಬಂದು ಕೂಡಿದ್ದವು.

ಕತ್ತಿ ಮತ್ತು ಅದರ ಹಿಡಿ

ಫ್ಲೂ ವೈರಾಣುವಿನ ಮೈಮೇಲೆ ನ್ಯೂರಾಮಿನಿಡೇಸ್ ಎಂಬ ಕಿಣ್ವವಿದೆ. ಎಚ್1ಎನ್1 ಎಂಬ ಹೆಸರಿನಲ್ಲಿ 'ಎನ್' ಎಂದರೆ ಅದೇ. ಹೊಸದಾಗಿ ಹುಟ್ಟಿದ ವೈರಾಣುಗಳು ಜೀವಕೋಶದ ಹೊರಮೈಯಲ್ಲಿರುವ ಸಿಯಾಲಿಕ್ ಆಮ್ಲ ಎಂಬ ಸಕ್ಕರೆಗೆ ಅಂಟಿಕೊಂಡೇ ಇರುತ್ತವೆ. ಆ ಅಂಟನ್ನು ಕತ್ತರಿಸಿ ಬಿಡಿಸುವ ಮರಗಸಿ ಕತ್ತಿ ಈ ಕಿಣ್ವ. ಓಸೆಲ್ಟಾಮಿವಿರ್ ಮಾಡುವುದು ಆ ಕತ್ತಿಯ ಬಾಯಿಗೆ ಕೂತು ಅದನ್ನು ಕಟ್ಟಿಹಾಕುವ ಕೆಲಸ. ಆದರೆ ಓಸೆಲ್ಟಾಮಿವಿರ್‌ಗೆ ಎಣ್ಣೆಯ ಸ್ವಭಾವದ ಒಂದು ಬಾಲವಿದೆ. ಅದು ಕೂರಬೇಕಾದರೆ ಕಿಣ್ವವನ್ನು ಕಟ್ಟಿರುವ ಅಮೈನೊ ಆಮ್ಲಗಳಲ್ಲಿ ಒಂದಾದ ಗ್ಲುಟಾಮಿಕ್ ಆಮ್ಲ ಪಕ್ಕಕ್ಕೆ ತಿರುಗಿ ಜಾಗ ಮಾಡಿಕೊಡಬೇಕು. ಅದರ ಬೆನ್ನಿಗಿರುವ 275ನೇ ಸ್ಥಾನದಲ್ಲಿ ಸಾಮಾನ್ಯವಾಗಿ ಇರುವುದು ಹಿಸ್ಟಿಡಿನ್ ಎಂಬ ಇನ್ನೊಂದು ಅಮೈನೊ ಆಮ್ಲ. ಅಲ್ಲಿ ದಪ್ಪ ದೇಹದ ಟೈರೋಸಿನ್ ಬಂದು ಕೂತರೆ ಗ್ಲುಟಾಮಿಕ್ ಆಮ್ಲ ತಿರುಗಲಾರದು, ಔಷಧದ ಬಾಲಕ್ಕೆ ಜಾಗ ಸಿಗದು. ಕತ್ತಿ ಮಾತ್ರ ತನ್ನ ಕೆಲಸ ಮಾಡುತ್ತಲೇ ಇರುತ್ತದೆ.

ಈ ಬದಲಾವಣೆಗೆ ಎಚ್275ವೈ ಎಂದು ಹೆಸರು. ವಂಶವಾಹಿಯಲ್ಲಿ ಇದಕ್ಕೆ ಬೇಕಾದದ್ದು ಒಂದೇ ಅಕ್ಷರದ ತಪ್ಪು: ಸಿಎಸಿ ಇದ್ದದ್ದು ಟಿಎಸಿ ಆಗಬೇಕು, ಅಷ್ಟೆ. ಅಷ್ಟರಿಂದ ವೈರಾಣುವನ್ನು ತಡೆಯಲು ಬೇಕಾಗುವ ಓಸೆಲ್ಟಾಮಿವಿರ್ ನೂರಾರು ಪಟ್ಟು ಹೆಚ್ಚುತ್ತದೆ. ಹಾಗಾಗಿ ಪ್ರಮಾಣವನ್ನು ಇಮ್ಮಡಿ ಮಾಡೋಣವೇ ಎಂದು ಸಹೋದ್ಯೋಗಿಯೊಬ್ಬರು ಕೇಳಿದಾಗ ಬೇಡ ಎಂದೆ. ನೂರಾರು ಪಟ್ಟಿನ ಕಂದಕವನ್ನು ಎರಡು ಪಟ್ಟಿನಿಂದ ತುಂಬಲಾಗದು. ರಕ್ತನಾಳಕ್ಕೆ ಕೊಡುವ ಪೆರಾಮಿವಿರ್ ಕೂಡ ಇದೇ ಬದಲಾವಣೆಗೆ ಸೋಲುತ್ತದೆ. ಅಮಾಂಟಡಿನ್‌ನ ಕಾಲ ಎಂದೋ ಮುಗಿದಿದೆ. 2009ರ ಎಚ್1ಎನ್1 ಹುಟ್ಟುವಾಗಲೇ ಅದಕ್ಕೆ ಬಗ್ಗದ ಬದಲಾವಣೆಯನ್ನು ಹೊತ್ತು ಬಂದಿತ್ತು. ಬಲೊಕ್ಸಾವಿರ್ ಎಂಬ ಹೊಸ ಔಷಧಕ್ಕೆ 2018ರಲ್ಲಿ ಜಪಾನ್ ಮೊದಲು ಅನುಮತಿ ಕೊಟ್ಟಿತು. ಅದು ಹಿಡಿಯುವುದು ವೈರಾಣು ತನ್ನನ್ನು ನಕಲು ಮಾಡಿಕೊಳ್ಳುವ ಯಂತ್ರವನ್ನು, ಆದ್ದರಿಂದ ಎಚ್275ವೈ ಅದಕ್ಕೆ ಅಡ್ಡಿಯಲ್ಲ. ಆದರೆ ಅದು ನಮ್ಮ ಕೈಗೆಟುಕುವಂತಿರಲಿಲ್ಲ.

ಉಳಿದದ್ದು ಝನಾಮಿವಿರ್. ಅದರ ಆಕಾರ ಸಹಜ ಸಿಯಾಲಿಕ್ ಆಮ್ಲಕ್ಕೆ ಬಹಳ ಹತ್ತಿರ, ಎಣ್ಣೆಯ ಬಾಲವಿಲ್ಲ, ಕಿಣ್ವ ಜರುಗಿ ಜಾಗ ಕೊಡಬೇಕಾಗಿಲ್ಲ. ಹಾಗಾಗಿ 275ರಲ್ಲಿ ಟೈರೋಸಿನ್ ಕೂತರೂ ಅದು ಕೆಲಸ ಮಾಡುತ್ತದೆ. ಅಡಚಣೆ ಬೇರೆಯದು: ಅದು ಬಾಯಿಂದ ಎಳೆದುಕೊಳ್ಳುವ ಪುಡಿ. ಉಸಿರಾಟವೇ ಕಷ್ಟವಾಗಿರುವವರು ಅದನ್ನು ಶ್ವಾಸಕೋಶದ ಆಳಕ್ಕೆ ಎಳೆದುಕೊಳ್ಳುವುದು ಸುಲಭವಲ್ಲ. ಆಸ್ತಮಾ ಇರುವವರಿಗೆ ಕೊಡುವಂತಿಲ್ಲ. ಅದರಲ್ಲಿ ಲ್ಯಾಕ್ಟೋಸ್ ಬೆರೆತಿರುವುದರಿಂದ ನೀರಿನಲ್ಲಿ ಕದಡಿ ನೆಬ್ಯುಲೈಜರ್‌ಗೂ ಹಾಕಬಾರದು. ಕೃತಕ ಉಸಿರಾಟದ ಯಂತ್ರಗಳ ಕೊಳವೆ ಕಟ್ಟಿಕೊಳ್ಳುತ್ತದೆ. ರಕ್ತನಾಳಕ್ಕೆ ಕೊಡುವ ಝನಾಮಿವಿರ್‌ಗೆ ಯುರೋಪ್ 2019ರಲ್ಲಿ ಅನುಮತಿ ನೀಡಿದೆ, ಹಾಸನದ ವಾರ್ಡಿನಿಂದ ನೋಡಿದರೆ ಅದು ದೂರದ ಮಾತು. ಬೆಂಗಳೂರಿನಲ್ಲಿ ವಿಚಾರಿಸಿ ಪುಡಿಯ ಝನಾಮಿವಿರ್ ತರಿಸುವಷ್ಟರಲ್ಲಿ ಸೋಮವಾರವಾಗಿತ್ತು.

ಶನಿವಾರವೇ ಮಾಡಿದ ಎರಡು ಕೆಲಸಗಳು ಇದಕ್ಕಿಂತ ಮುಖ್ಯವಾದವು ಎಂದು ಈಗ ಅನಿಸುತ್ತದೆ. ಮೊದಲನೆಯದು, ದೇಹದ ರೋಗನಿರೋಧಕ ಶಕ್ತಿ ಮೇಲೇಳಲೆಂದು, ಮೂತ್ರಪಿಂಡ ತಜ್ಞರೊಂದಿಗೆ ಮಾತಾಡಿ ಮೈಕೊಫಿನೊಲೇಟ್ ನಿಲ್ಲಿಸಿದ್ದು. ತಾಯಿ ಕೊಟ್ಟ ಮೂತ್ರಪಿಂಡವನ್ನು ಪಣಕ್ಕಿಡುತ್ತಿದ್ದೇವೆ ಎಂಬ ಅರಿವು ನಮ್ಮಿಬ್ಬರಿಗೂ ಇತ್ತು. ಆ ತಾಯಿ ಹೊರಗಿನ ಬೆಂಚಿನ ಮೇಲೇ ಕೂತಿದ್ದರು. ಅವರಿಗೆ ಹೇಳಿದೆವು. "ಅವನು ಇದ್ದರೆ ತಾನೇ ಅದಿರುವುದು" ಎಂದರು.

ಎರಡನೆಯದು, ಅವರನ್ನು ಒಂಟಿ ಕೋಣೆಗೆ ಸಾಗಿಸಿದ್ದು. ಅಲ್ಲಿಯವರೆಗೆ ಅವರಿದ್ದ ಸಾಲಿನಲ್ಲೇ ಡಯಾಲಿಸಿಸ್ ರೋಗಿಯೊಬ್ಬರಿದ್ದರು. 2009ರ ಕೊನೆಯಲ್ಲಿ ವೇಲ್ಸ್‌ನ ಕಾರ್ಡಿಫ್‌ನಲ್ಲಿ ಆಸ್ಪತ್ರೆಯೊಂದರ ರಕ್ತರೋಗ ವಿಭಾಗದೊಳಗೇ ಎಚ್275ವೈ ವೈರಾಣು ರೋಗಿಯಿಂದ ರೋಗಿಗೆ ಹರಡಿತ್ತು. ಅದು ನೆನಪಾಗಿ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಪಕ್ಕದ ರೋಗಿಯನ್ನು ಏಳು ದಿನ ದಿನಕ್ಕೆರಡು ಬಾರಿ ನೋಡಿದೆವು. ಅವರಿಗೆ ಏನೂ ಆಗಲಿಲ್ಲ.

ಮೂರು ಮಾದರಿಗಳು

ಪ್ರತಿರೋಧ ಇದೆ ಎಂಬುದು ಅಲ್ಲಿಯವರೆಗೆ ನಮ್ಮ ಅನುಮಾನವಷ್ಟೇ ಆಗಿತ್ತು. ಅದೃಷ್ಟಕ್ಕೆ ಪ್ರಯೋಗಾಲಯದವರು ಹಳೆಯ ಮಾದರಿಗಳನ್ನು ಎಸೆದಿರಲಿಲ್ಲ. ಮಗಳ ಮಂಗಳವಾರದ ಮಾದರಿ, ತಂದೆ ದಾಖಲಾದ ಭಾನುವಾರದ ಮಾದರಿ, ಜ್ವರ ಮರಳಿದ ಮೇಲಿನ ಶನಿವಾರದ ಮಾದರಿ, ಈ ಮೂರನ್ನೂ ವಂಶವಾಹಿಯ ಅಕ್ಷರ ಓದುವ ದೊಡ್ಡ ಪ್ರಯೋಗಾಲಯಕ್ಕೆ ಕಳಿಸಿದೆವು. ಉತ್ತರ ಬರಲು ಒಂಬತ್ತು ದಿನ ಬೇಕಾಯಿತು.

ಮಗಳ ಮಾದರಿಯಲ್ಲಿ 275ರಲ್ಲಿ ಇದ್ದದ್ದು ಹಿಸ್ಟಿಡಿನ್ ಮಾತ್ರ. ತಂದೆಯ ಭಾನುವಾರದ ಮಾದರಿಯಲ್ಲೂ ಹಿಸ್ಟಿಡಿನ್, ಆದರೆ ಅಕ್ಷರ ಸೂಚಿಸುವ ಅಲೆಯ ಅಡಿಯಲ್ಲಿ ಇನ್ನೊಂದು ಅಕ್ಷರದ ಸಣ್ಣ ನೆರಳು. ಶನಿವಾರದ ಮಾದರಿಯಲ್ಲಿ ಆ ನೆರಳೇ ದೊಡ್ಡ ಅಲೆಯಾಗಿತ್ತು: ಬಹುತೇಕ ಎಲ್ಲ ಟೈರೋಸಿನ್.

ಈ ಮೂರು ಸಾಲುಗಳನ್ನು ನಾನು ಎಷ್ಟು ಬಾರಿ ಓದಿದೆನೋ ಲೆಕ್ಕವಿಲ್ಲ. ಮನೆಗೆ ಬಂದ ವೈರಾಣು ಔಷಧಕ್ಕೆ ಮಣಿಯುವಂಥದ್ದೇ ಆಗಿತ್ತು ಎಂದು ಮೊದಲ ಸಾಲು ಹೇಳುತ್ತದೆ. ಆಸ್ಪತ್ರೆಯ ಬಾಗಿಲು ತುಳಿಯುವ ಹೊತ್ತಿಗೇ, ಅಂದರೆ ದಿನಕ್ಕೊಂದು ಗುಳಿಗೆಯ ನಾಲ್ಕು ದಿನ ಮುಗಿಯುವ ಹೊತ್ತಿಗೇ, ಬದಲಾದ ವೈರಾಣು ಮೊಳೆತಿತ್ತು ಎಂದು ಎರಡನೆಯದು ಹೇಳುತ್ತದೆ. ಆಮೇಲೆ ನಾವು ಕೊಟ್ಟ ಪೂರ್ಣ ಪ್ರಮಾಣ ಹಳೆಯ ವೈರಾಣುವನ್ನು ಗುಡಿಸಿ, ಹೊಸದಕ್ಕೆ ಅಂಗಳ ಬಿಟ್ಟುಕೊಟ್ಟಿತು. ನಡುವೆ ಜ್ವರ ಇಳಿದದ್ದು, 27ನೇ ಸುತ್ತಿಗೆ ಹೋದದ್ದು ಹಳೆಯದು ಸಾಯುತ್ತಿದ್ದ ದಿನಗಳು.

ಅರ್ಧ ಪ್ರಮಾಣವೊಂದೇ ಇದಕ್ಕೆ ಕಾರಣ ಎಂದು ಪ್ರಮಾಣ ಮಾಡಿ ಹೇಳಲಾರೆ. ಪೂರ್ಣ ಪ್ರಮಾಣವನ್ನೇ ಮೊದಲಿನಿಂದ ಪಡೆದ ಕಸಿ ರೋಗಿಗಳಲ್ಲೂ ಎಚ್275ವೈ ಹುಟ್ಟಿದೆ. ಆದರೆ ಆ ನಾಲ್ಕು ದಿನಗಳನ್ನು ನಾನು ವೈರಾಣುವಿಗೆ ಕೊಟ್ಟೆ ಎಂಬುದು ನಿಜ.

ಊರಿಗೆ ಹರಡಿತೇ?

ಒಬ್ಬರ ಮೈಯಲ್ಲಿ ಹುಟ್ಟಿದ ಪ್ರತಿರೋಧಿ ವೈರಾಣು ಸಾಮಾನ್ಯವಾಗಿ ಅವರೊಂದಿಗೇ ಮುಗಿಯುತ್ತದೆ. ಔಷಧವಿಲ್ಲದ ದೇಹದಲ್ಲಿ ಅದು ಮೂಲ ವೈರಾಣುವಿನಷ್ಟು ಚುರುಕಾಗಿರುವುದಿಲ್ಲ ಎಂದು ಬಹಳ ಕಾಲ ನಂಬಲಾಗಿತ್ತು. 2007-08ರ ಚಳಿಗಾಲ ಆ ನಂಬಿಕೆಯನ್ನು ಮುರಿಯಿತು. ಓಸೆಲ್ಟಾಮಿವಿರ್ ಬಳಸುವುದೇ ಅಪರೂಪವಾಗಿದ್ದ ನಾರ್ವೆಯಲ್ಲಿ ಆಗಿನ ಋತುಮಾನದ ಎಚ್1ಎನ್1 ವೈರಾಣುವಿನ ಬಹುಪಾಲು ಎಚ್275ವೈ ಹೊತ್ತಿತ್ತು. ಒಂದೇ ವರ್ಷದಲ್ಲಿ ಅದು ಜಗತ್ತಿನ ಹೆಚ್ಚಿನ ಭಾಗವನ್ನು ಆವರಿಸಿತು. ಬೇರೆ ಕೆಲವು ಬದಲಾವಣೆಗಳು ಜೊತೆಗೂಡಿ ಅದರ ಕುಂಟನ್ನು ಸರಿಪಡಿಸಿದ್ದವು ಎಂದು ಆಮೇಲೆ ತಿಳಿಯಿತು. 2009ರಲ್ಲಿ ಹೊಸ ಎಚ್1ಎನ್1 ಬಂದು ಆ ಇಡೀ ವಂಶವನ್ನೇ ಪಕ್ಕಕ್ಕೆ ತಳ್ಳಿದ್ದರಿಂದ ಓಸೆಲ್ಟಾಮಿವಿರ್ ನಮಗೆ ಮರಳಿ ದಕ್ಕಿತು, ನಮ್ಮ ಜಾಣ್ಮೆಯಿಂದಲ್ಲ. 2011ರಲ್ಲಿ ಆಸ್ಟ್ರೇಲಿಯಾದ ನ್ಯೂಕ್ಯಾಸಲ್ ಸುತ್ತ ಈ ಹೊಸ ವಂಶದಲ್ಲೂ ಎಚ್275ವೈ ಜನರ ನಡುವೆ ಹರಡಿತು. ಸೋಂಕಿತರಲ್ಲಿ ಬಹುತೇಕರು ಔಷಧ ಮುಟ್ಟಿಯೇ ಇರಲಿಲ್ಲ. ಈಗ ಜಗತ್ತಿನ ಕಣ್ಗಾವಲಿನಲ್ಲಿ ಇಂಥ ವೈರಾಣು ಸಿಗುವುದು ಸಾಮಾನ್ಯವಾಗಿ ನೂರಕ್ಕೆ ಒಂದರ ಆಸುಪಾಸು. ಅಷ್ಟು ಕಡಿಮೆಯಿರುವುದರಿಂದಲೇ ಫ್ಲೂ ಬಂದ ಗರ್ಭಿಣಿಗೆ, ವೃದ್ಧರಿಗೆ, ಉಸಿರು ಕಟ್ಟುತ್ತಿರುವವರಿಗೆ ಈ ಗುಳಿಗೆಯನ್ನು ಹಿಂಜರಿಯದೆ, ವರದಿಗೆ ಕಾಯದೆ ಕೊಡಬೇಕು. ಈ ಪ್ರಕರಣ ಓದಿ ಯಾರಾದರೂ ಔಷಧವನ್ನೇ ಬಿಟ್ಟರೆ ನನಗೆ ಅದಕ್ಕಿಂತ ದೊಡ್ಡ ದುಃಖ ಇನ್ನೊಂದಿಲ್ಲ.

ತೋಟದ ಲೈನ್ ಮನೆಗಳಲ್ಲಿ ಜ್ವರವಿದ್ದ ನಾಲ್ವರ ಮಾದರಿ ತೆಗೆಸಿದೆವು. ಇಬ್ಬರಿಗೆ ಎಚ್1ಎನ್1 ಇತ್ತು, ಇಬ್ಬರಲ್ಲೂ ಹಿಸ್ಟಿಡಿನ್. ಪ್ರತಿರೋಧಿ ವೈರಾಣು ಆ ಒಂದು ಹಾಸಿಗೆಯಿಂದ ಹೊರಗೆ ಹೋದ ಕುರುಹು ಸಿಗಲಿಲ್ಲ.

ಚೇತರಿಕೆ

ಸೋಮವಾರದಿಂದ ದಿನಕ್ಕೆರಡು ಬಾರಿ 10 ಮಿಲಿಗ್ರಾಂ ಝನಾಮಿವಿರ್ ಎಳೆದುಕೊಂಡರು. ಪ್ರತಿ ಸಲವೂ ದಾದಿಯೊಬ್ಬರು ಪಕ್ಕದಲ್ಲಿ ನಿಂತು ಉಸಿರು ಹೇಗೆ ಎಳೆಯಬೇಕು, ಎಷ್ಟು ಹೊತ್ತು ಹಿಡಿಯಬೇಕು ಎಂದು ಹೇಳಿಕೊಟ್ಟರು. ಐದು ದಿನವೆಂದು ಶುರುಮಾಡಿದ್ದನ್ನು ಹತ್ತು ದಿನಕ್ಕೆ ಮುಂದುವರಿಸಿದೆವು. ಶುಕ್ರವಾರ ಆಮ್ಲಜನಕ 95ಕ್ಕೆ ಬಂತು. ವೈರಾಣುವಿನೊಡನೆ ಹೋರಾಡುವ ಬಿಳಿ ರಕ್ತಕಣಗಳಾದ ಲಿಂಫೋಸೈಟ್‌ಗಳು 400ಕ್ಕೆ ಕುಸಿದಿದ್ದವು 900 ದಾಟಿದವು. ದಾಖಲಾದ ಮೂರು ವಾರಕ್ಕೆ ಪಿಸಿಆರ್ ನೆಗೆಟಿವ್ ಬಂತು. ಕ್ರಿಯಾಟಿನಿನ್ 1.4ಕ್ಕೆ ಏರಿ ಎಲ್ಲರನ್ನೂ ಹೆದರಿಸಿ, ಮೈಕೊಫಿನೊಲೇಟ್ ಮತ್ತೆ ಶುರುಮಾಡಿದ ಮೇಲೆ 1.2ರಲ್ಲಿ ನಿಂತಿತು.

ಅವರನ್ನು ಉಳಿಸಿದ್ದು ಝನಾಮಿವಿರ್ ಪುಡಿಯೋ, ಹಿಡಿತ ಸಡಿಲಿಸಿದ್ದರಿಂದ ಎದ್ದುನಿಂತ ಅವರದೇ ಲಿಂಫೋಸೈಟ್‌ಗಳೋ? ಎರಡೂ ಎಂದು ಹೇಳುವುದು ಸುಲಭ. ನನ್ನ ಮನಸ್ಸು ಎರಡನೆಯದರ ಕಡೆಗೇ ವಾಲುತ್ತದೆ.

ಕೊನೆಯ ದಿನಗಳಲ್ಲಿ ಬಿಡುವಾಗಿ ಮಾತಾಡುವಾಗ ವರದಿಯನ್ನು ಅವರಿಗೆ ವಿವರಿಸಿದೆ. ಒಂದು ಅಕ್ಷರ ಬದಲಾದದ್ದು, ಔಷಧಕ್ಕೆ ಜಾಗ ಸಿಗದಿದ್ದುದು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಕೆಂಟ್ಸ್ ಗಿಡದ ಕಥೆಯಂತಾಯಿತು" ಎಂದರು. ಇಪ್ಪತ್ತನೇ ಶತಮಾನದ ಮೊದಲ ದಶಕಗಳಲ್ಲಿ ಎಲೆ ತುಕ್ಕು ರೋಗವನ್ನು ತಡೆಯುತ್ತದೆಂದು ನಮ್ಮ ಕಾಫಿ ಸೀಮೆಯಲ್ಲಿ ಎಲ್ಲರೂ ನೆಟ್ಟ ತಳಿ ಕೆಂಟ್ಸ್. ಕೆಲವೇ ವರ್ಷಗಳಲ್ಲಿ ತುಕ್ಕಿನ ಹೊಸ ಬಗೆಯೊಂದು ಹುಟ್ಟಿ ಅದನ್ನೂ ತಿನ್ನತೊಡಗಿತು. 1925ರಲ್ಲಿ ಬಾಳೆಹೊನ್ನೂರಿನಲ್ಲಿ ಶುರುವಾದ ಕಾಫಿ ಸಂಶೋಧನಾ ಕೇಂದ್ರ ಕೆಂಟ್ಸ್‌ನೊಡನೆ ಬೇರೆ ಗಿಡವನ್ನು ಕೂಡಿಸಿ ಎಸ್.795 ತಂದಿತು, ಕಾಲಕ್ರಮದಲ್ಲಿ ಅದಕ್ಕೂ ತುಕ್ಕು ಹತ್ತಿತು. "ತುಕ್ಕು ಬಂದಿದೆಯೇ ಎಂದು ಪ್ರತಿ ವಾರ ಎಲೆಯ ಅಡಿಯಲ್ಲಿ ನೋಡುತ್ತೇವೆ ಡಾಕ್ಟರೇ. ಮೇಲಿಂದ ನೋಡಿದರೆ ಗೊತ್ತಾಗುವುದಿಲ್ಲ" ಎಂದರು.

ಎಲೆಯ ಅಡಿಯಲ್ಲಿ ನೋಡುವ ಕೆಲಸವೇ ನಮ್ಮಲ್ಲಿ ಆಗುತ್ತಿಲ್ಲ. ಕೋವಿಡ್ ಬಂದು ಹೋದ ಮೇಲೆ ಜಿಲ್ಲೆ ಜಿಲ್ಲೆಗಳಲ್ಲಿ ಪಿಸಿಆರ್ ಯಂತ್ರಗಳಿವೆ, ಅವನ್ನು ನಡೆಸಬಲ್ಲ ಕೈಗಳೂ ಇವೆ. ಇಡೀ ವಂಶವಾಹಿಯನ್ನು ಓದುವ ಒಂಬತ್ತು ದಿನದ ಪರೀಕ್ಷೆ ನಮಗೆ ಬೇಕಿರಲಿಲ್ಲ. ಆ ಒಂದು ಅಕ್ಷರ ಸಿ ಆಗಿದೆಯೋ ಟಿ ಆಗಿದೆಯೋ ಎಂದು ಹೇಳುವ ಪಿಸಿಆರ್ ಪರೀಕ್ಷೆ 2009ರಿಂದಲೂ ಬಳಕೆಯಲ್ಲಿದೆ; ಮಾದರಿ ಕೊಟ್ಟ ದಿನವೇ ಉತ್ತರ ಸಿಗುತ್ತದೆ. ಔಷಧ ನಡೆಯುತ್ತಿದ್ದರೂ ಐದಾರು ದಿನದ ಮೇಲೆ ವೈರಾಣು ಕುಗ್ಗದ ರೋಗಿಗಳು, ಅದರಲ್ಲೂ ಕಸಿಯಾದವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ಒಂದು ಜಿಲ್ಲೆಯಲ್ಲಿ ವರ್ಷಕ್ಕೆ ಬೆರಳೆಣಿಕೆಯಷ್ಟು ಇರಬಹುದು. ಅಷ್ಟು ಜನರಿಗೆ ಈ ಪರೀಕ್ಷೆ ಹತ್ತಿರದಲ್ಲೇ ಸಿಗಬೇಕೆಂದು ನಾನು ಬರೆದ ಪತ್ರಗಳು ಹೋಗಬೇಕಾದಲ್ಲಿಗೆ ಹೋಗಿವೆ. ಉತ್ತರ ಬರುವವರೆಗೂ ಬರೆಯುತ್ತೇನೆ.

ನನ್ನ ಕೋಣೆಯಲ್ಲಿ ಬದಲಾದದ್ದು ಇಷ್ಟು. ಮುಂಜಾಗ್ರತೆಯ ಗುಳಿಗೆ ಹೇಳುವ ಮುನ್ನ ಜ್ವರ ಇದೆಯೇ ಎಂದು ಕೇಳಿ ನಿಲ್ಲಿಸುವುದಿಲ್ಲ; ಗಂಟಲು, ಕೆಮ್ಮು, ಮೈಕೈ ನೋವು, ಸುಸ್ತು, ಯಾವಾಗಿನಿಂದ ಎಂದು ಒಂದೊಂದಾಗಿ ಕೇಳುತ್ತೇನೆ. ಒಂದಾದರೂ ಇದ್ದರೆ ಅದು ಚಿಕಿತ್ಸೆ, ಎರಡು ಹೊತ್ತು. ಮುಂಜಾಗ್ರತೆ ಶುರುವಾದ ಮೇಲೆ ಲಕ್ಷಣ ಕಂಡರೆ ಆ ಹೊತ್ತಿನಿಂದಲೇ ಎರಡು ಹೊತ್ತಿಗೆ ಬದಲಾಯಿಸಿ, ಆಮೇಲೆ ನನಗೆ ಫೋನ್ ಮಾಡಿ ಎಂದು ಚೀಟಿಯ ಮೇಲೇ ಬರೆಯುತ್ತೇನೆ. ರೋಗನಿರೋಧಕ ಶಕ್ತಿ ತೀರಾ ಕುಗ್ಗಿದವರ ಮನೆಗೆ ಫ್ಲೂ ಹೊಕ್ಕಿದ್ದರೆ, ಕೆಲವು ತಜ್ಞರು ಹೇಳುವಂತೆ, ಅವರಿಗೆ ಮೊದಲಿನಿಂದಲೇ ಪೂರ್ಣ ಪ್ರಮಾಣ ಕೊಡುವತ್ತ ನಾನೂ ಬಂದಿದ್ದೇನೆ.

ಮುಂದಿನ ವರ್ಷ ಮೇ ತಿಂಗಳಲ್ಲಿ, ಮಳೆಗೆ ಮುನ್ನ, ಅವರು ಲಸಿಕೆಗೆ ಬಂದರು. ಹೆಂಡತಿ ಮಗಳೂ ಬಂದಿದ್ದರು, ಮೂವರಿಗೂ ಹಾಕಿದೆವು. ಹೊರಡುವಾಗ ಕಿಸೆಯಿಂದ ಒಂದು ಪಟ್ಟಿ ತೆಗೆದು ಮೇಜಿನ ಮೇಲಿಟ್ಟರು. ಹಿಂದಿನ ಆಗಸ್ಟ್‌ನದು. ನಾಲ್ಕು ಗುಳಿ ಖಾಲಿ, ಆರು ಗುಳಿಗೆ ಹಾಗೇ ಇದ್ದವು. ಲೈನ್ ಮನೆಯಲ್ಲಿ ಯಾರಿಗೋ ಜ್ವರ ಬಂದಾಗ ಕೇಳಿದ್ದರಂತೆ, ಕೊಡಲಿಲ್ಲವಂತೆ. ಆರನ್ನೂ ಎಣಿಸಿ ತೆಗೆದುಕೊಂಡೆ. ಅವರು ಕಿಸೆಪುಸ್ತಕ ತೆರೆದು, ಆ ದಿನದ ತಾರೀಖಿನ ಎದುರು ಬರೆದುಕೊಂಡರು: "ಗುಳಿಗೆ 6, ಡಾಕ್ಟರಿಗೆ ವಾಪಸ್."